ಕಾಣದ ಗಿರಾಕಿ

ಹರಾಜು ಎಂಬ ಮಾತಿಗೆ ಕನ್ನಡ ಸಂಸಾರಗಳಲ್ಲಿ ಒಳ್ಳೆಯ ಹೆಸರಿಲ್ಲ. ಸಾಲ ತಲೆಗೇರಿ, ಅಮೀನನು ಜಪ್ತಿಯ ಕಾಗದ ಹಿಡಿದು ಬಾಗಿಲಿಗೆ ಬಂದು, ಬೀದಿಯಲ್ಲಿ ತಮಟೆಯ ಸದ್ದಾಗಿ, ಅಜ್ಜಿಯ ಕಾಲದ ತಾಮ್ರದ ಹಂಡೆಯೂ ತಾತನ ಆರಾಮಕುರ್ಚಿಯೂ ನೆರೆಹೊರೆಯವರ ಕಣ್ಣೆದುರಿಗೆ ಅಂಗಳದಲ್ಲಿ ಬಂದು ಕೂರುವ ಚಿತ್ರವೇ ಆ ಮಾತಿನ ಹಿಂದೆ ನಿಂತಿದೆ. ಒಬ್ಬನ ಮರ್ಯಾದೆ ನಾಲ್ಕು ಜನರ ನಡುವೆ ಮಣ್ಣುಗೂಡಿದರೆ ‘ಮಾನ ಹರಾಜಾಯಿತು’ ಎನ್ನುವುದು ರೂಢಿ. ಪದದ ಹುಟ್ಟೂರು ಮಾತ್ರ ಬಹು ದೂರದ್ದು. ಹರಾಜು ಅರಬ್ಬೀ ಮೂಲದ್ದು. ಉತ್ತರ ಕರ್ನಾಟಕದ ಲಿಲಾವು, ಮಂಗಳೂರಿನ ಕಡೆಯ ಏಲಂ, ಇವೆರಡೂ ಪೋರ್ಚುಗೀಸರ ಒಂದೇ ಪದದಿಂದ ಒಡೆದು ಬಂದವು. ಹಡಗಿನ ವ್ಯಾಪಾರಿಗಳು ಬಿಟ್ಟುಹೋದ ಪದಗಳು ಕಾಲಕ್ರಮದಲ್ಲಿ ಅಮೀನನ ಕೈಗೆ ಸಿಕ್ಕಿ ಕೆಟ್ಟವು ಎನ್ನಬೇಕು.

ಇಲ್ಲಿ ಹೇಳಹೊರಟಿರುವ ಹರಾಜು ಬೇರೆಯ ಜಾತಿಯದು. ಇದರಲ್ಲಿ ಅಮೀನನಿಲ್ಲ, ತಮಟೆಯಿಲ್ಲ, ಅಂಗಳವೂ ಇಲ್ಲ. ಗೃಹಸ್ಥನೊಬ್ಬನು ಅಟ್ಟದ ಮೇಲಿನ ವಸ್ತುವೊಂದನ್ನು ತಾನಾಗಿಯೇ ಕೆಳಗಿಳಿಸಿ, ಧೂಳೊರೆಸಿ, ನಾಲ್ಕು ಛಾಯಾಚಿತ್ರ ತೆಗೆದು, ನಾಲ್ಕು ಸಾಲು ವಿವರ ಬರೆದು ಅಂತರ್ಜಾಲದ ಹರಾಜುಕಟ್ಟೆಯ ಮೇಲೆ ಇಡುತ್ತಾನೆ. ಕೊಳ್ಳುವವನು ಇನ್ನಾವುದೋ ಊರಿನಲ್ಲಿ, ಕೆಲವೊಮ್ಮೆ ಇನ್ನಾವುದೋ ಖಂಡದಲ್ಲಿ ಕುಳಿತು ಸವಾಲು ಹಾಕುತ್ತಾನೆ. ಹಳೆಯ ಹರಾಜಿನಲ್ಲಿ ಗಿರಾಕಿಯು ಹಂಡೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದನು. ಬಗ್ಗಿ ತಳ ನೋಡುತ್ತಿದ್ದನು. ಕಲಾಯಿ ಹೋಗಿದೆಯೆಂದು ಮೂಗು ಮುರಿಯುತ್ತಿದ್ದನು. ಕಾಣದ ಗಿರಾಕಿಗೆ ಈ ಭಾಗ್ಯವಿಲ್ಲ. ಅವನ ಕೈಗೆ ಸಿಕ್ಕುವುದು ಮಾರುವವನ ಮಾತು ಮಾತ್ರ. ಆದುದರಿಂದ ಇಲ್ಲಿ ವಸ್ತುವಿಗೆ ಬರುವ ಬೆಲೆಯು ಬಹುಮಟ್ಟಿಗೆ ಆ ಮಾತಿನ ಮೇಲೆ ಅವನು ಇಡುವ ಬೆಲೆಯೇ ಆಗಿರುತ್ತದೆ. ಈ ಹೊಸ ಹರಾಜಿನಲ್ಲಿಯೂ ಮಾನವೇ ಹರಾಜಿಗೆ ನಿಲ್ಲುವುದು. ಆದರೆ ಇಲ್ಲಿ ಅದಕ್ಕೆ ಒಳ್ಳೆಯ ಬೆಲೆ ಬರುವುದೂ ಉಂಟು.

1995ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸೀಮೆಯ ಪಿಯರ್ ಒಮಿಡ್ಯಾರ್ ಎಂಬ 28 ವರ್ಷದ ತರುಣನು ರಜೆಯ ದಿನಗಳಲ್ಲಿ ಕುಳಿತು ‘ಆಕ್ಷನ್‌ವೆಬ್’ ಎಂಬ ತಾಣವೊಂದನ್ನು ರಚಿಸಿದನು. ಮುಂದೆ ಈಬೇ ಎಂದು ಜಗತ್ಪ್ರಸಿದ್ಧವಾದುದು ಇದೇ. ಅಲ್ಲಿ ಮೊದಲು ಮಾರಾಟವಾದ ವಸ್ತುಗಳಲ್ಲಿ ಒಂದು, ಅವನದೇ ಲೇಸರ್ ಬೆಳಕಿನ ಕಡ್ಡಿ. ಅದು ಕೆಟ್ಟುಹೋಗಿತ್ತು; ಕೆಟ್ಟಿದೆಯೆಂದೇ ಅವನು ಬರೆದಿದ್ದನು. ಆದರೂ ಸವಾಲು ಏರಿ 14 ಡಾಲರ್ 83 ಸೆಂಟುಗಳಿಗೆ ನಿಂತಿತು. ಒಮಿಡ್ಯಾರನಿಗೇ ನಂಬಿಕೆ ಬರಲಿಲ್ಲ. ಇದು ಕೆಲಸ ಮಾಡುವುದಿಲ್ಲವೆಂಬುದು ತಿಳಿದಿದೆಯಷ್ಟೆ ಎಂದು ಕೊಂಡವನನ್ನು ಪತ್ರ ಬರೆದು ಕೇಳಿದನು. ಕೆಟ್ಟ ಲೇಸರ್ ಕಡ್ಡಿಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಉತ್ತರ ಬಂತು!

ಕೇಳಿದವರು ನಕ್ಕು ಮರೆಯುವ ಕಥೆಯಿದು. ಮಾರುವವರು ಮಾತ್ರ ಮರೆಯಬಾರದು. ಕೆಟ್ಟುಹೋಗಿದೆ ಎಂಬ ಒಂದು ಪದವನ್ನು ಬಿಟ್ಟಿದ್ದರೆ ಆ ಕಡ್ಡಿಯು ಅದಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತಿತ್ತೋ ಏನೋ; ಆದರೆ ನಾಲ್ಕನೆಯ ದಿನ ಅಂಚೆಯಲ್ಲಿ ಹಿಂದಿರುಗುತ್ತಿತ್ತು. ನಿಜ ಹೇಳಿದುದರಿಂದ ಅದಕ್ಕೆ ತಕ್ಕ ಗಿರಾಕಿಯೇ ಸಿಕ್ಕಿದನು. (ಇದೇ ಸಂಸ್ಥೆಯು 1997ರ ಸುಮಾರಿಗೆ ತನ್ನ ಹುಟ್ಟಿನ ಬಗ್ಗೆ ಇನ್ನೊಂದು ಕಥೆಯನ್ನು ಪತ್ರಿಕೆಗಳಿಗೆ ಉಣಬಡಿಸಿತು. ಮಿಠಾಯಿ ಹೊರಬರುವ ಪುಟ್ಟ ಗೊಂಬೆಡಬ್ಬಿಗಳನ್ನು ಕೂಡಿಡುತ್ತಿದ್ದ ಭಾವೀ ಪತ್ನಿಗಾಗಿ ಒಮಿಡ್ಯಾರನು ತಾಣವನ್ನು ಕಟ್ಟಿದನೆಂಬ ಪ್ರೇಮಕಥೆಯದು. ಪ್ರಚಾರಕ್ಕಾಗಿ ಹೆಣೆದ ಕಥೆಯೆಂಬುದು 2002ರಲ್ಲಿ ಪ್ರಕಟವಾದ ಆಡಮ್ ಕೋಹೆನ್ ಅವರ ಪುಸ್ತಕದಿಂದ ಬಯಲಾಯಿತು. ಮಾರುವವರೆಲ್ಲ ನಿಜ ಬರೆಯಬೇಕೆಂದು ವಿಧಿಸುವ ಅಂಗಡಿಯ ಜಾತಕವೇ ಹೀಗೆ!)

ಇನ್ನು ಸವಾಲಿನ ಕ್ರಮ. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಯಂತ್ರಕ್ಕೆ ತಿಳಿಸಿಡುತ್ತಾನೆ. ಯಂತ್ರವು ಅವನ ಪರವಾಗಿ, ಎದುರಾಳಿಯನ್ನು ಹಿಂದೆ ಹಾಕಲು ಎಷ್ಟು ಬೇಕೋ ಅಷ್ಟನ್ನೇ ಏರಿಸುತ್ತ ಹೋಗುತ್ತದೆ. ಒಬ್ಬನ ಮನಸ್ಸಿನಲ್ಲಿ 5,000 ರೂಪಾಯಿ, ಇನ್ನೊಬ್ಬನ ಮನಸ್ಸಿನಲ್ಲಿ 3,000 ರೂಪಾಯಿ ಇದ್ದು, ಏರಿಕೆಯ ಮೆಟ್ಟಿಲು 50 ರೂಪಾಯಿಯದಾದರೆ, ವಸ್ತುವು ಮೊದಲನೆಯವನಿಗೆ 3,050 ರೂಪಾಯಿಗೆ ಸಲ್ಲುತ್ತದೆ. ಇದು ಗಣಕಯಂತ್ರಗಳೊಂದಿಗೆ ಹುಟ್ಟಿದ ಉಪಾಯವಲ್ಲ. 1893ರಷ್ಟು ಹಿಂದೆಯೇ ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು, ದೂರದ ಊರುಗಳಿಂದ ಕಾಗದದ ಮೂಲಕ ಸವಾಲು ತರಿಸಿಕೊಂಡು, ಎರಡನೆಯ ಸವಾಲಿನ ಬೆಲೆಗೆ ಮೊದಲನೆಯವನಿಗೆ ಮಾರುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಇದರ ತರ್ಕವನ್ನು 1961ರಲ್ಲಿ ಬಿಡಿಸಿಟ್ಟರು. 1996ರಲ್ಲಿ ನೊಬೆಲ್ ಬಹುಮಾನ ಘೋಷಿತವಾದ ಮೂರು ದಿನಗಳಲ್ಲೇ ತೀರಿಕೊಂಡರು.

ಮಾರುವವನು ಈ ಲೆಕ್ಕದಲ್ಲಿ ಅಡಗಿರುವ ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಬೆಲೆಯನ್ನು ನಿರ್ಣಯಿಸುವವನು ಗೆದ್ದವನಲ್ಲ, ಸೋತವನು. ವಸ್ತುವಿಗೆ ಮನಸೋತವನು ಒಬ್ಬನೇ ಇದ್ದರೆ ಅವನ ಜೇಬಿನಲ್ಲಿ ಎಷ್ಟು ಹಣವಿದ್ದರೂ ಪ್ರಯೋಜನವಿಲ್ಲ, ಇನ್ನೊಬ್ಬನೂ ಮನಸೋಲಬೇಕು. ಸಾಧಾರಣವಾದ ಮಿಕ್ಸರನ್ನೋ ಹಳೆಯ ದೂರವಾಣಿಯನ್ನೋ ಹರಾಜಿಗಿಡುವುದರಿಂದ ಲಾಭವಿಲ್ಲವೆನ್ನುವುದು ಇದರಿಂದಲೇ. ಅವುಗಳ ಬೆಲೆ ಎಲ್ಲರಿಗೂ ಗೊತ್ತು. ಅದಕ್ಕಾಗಿ ಏಳು ದಿನ ಕಾದು ಕುಳಿತು ಪೈಪೋಟಿ ಮಾಡುವ ಹುಚ್ಚು ಯಾರಿಗೂ ಇರುವುದಿಲ್ಲ. ಈಬೇಯಲ್ಲಿಯೇ ಈಗ ನಿಗದಿಯಾದ ಬೆಲೆಯ ಮಾರಾಟವು ಹೆಚ್ಚಿ, ಹರಾಜು ಒಂದು ಮೂಲೆಗೆ ಸರಿದಿದೆ. ಆ ಮೂಲೆಯಲ್ಲಿ ಇನ್ನೂ ಬಾಳುವವು, ಜೋಡಿಯಿಲ್ಲದ ವಸ್ತುಗಳು: ಹಳೆಯ ಗಡಿಯಾರ, ಅಂಚೆಚೀಟಿ, ಮೊದಲ ಮುದ್ರಣದ ಪುಸ್ತಕ, ಯಾರದೋ ಹಸ್ತಾಕ್ಷರ. ಅವುಗಳ ಬೆಲೆ ಇಷ್ಟೆಂದು ಮಾರುವವನಿಗೂ ತಿಳಿದಿರುವುದಿಲ್ಲ.

ಇಬ್ಬರು ಮನಸೋಲಬೇಕಾದರೆ ಇಬ್ಬರ ಕಣ್ಣಿಗೂ ವಸ್ತು ಬೀಳಬೇಕು. ಅಂತರ್ಜಾಲದ ಸಂತೆಯಲ್ಲಿ ಸುತ್ತಾಡಿ ನೋಡುವವರಿಗಿಂತ ಹೆಸರು ಬರೆದು ಹುಡುಕುವವರೇ ಹೆಚ್ಚು. ಹೆಸರಿನ ಕಾಗುಣಿತ ತಪ್ಪಿದರೆ ವಸ್ತುವು ಕಾಡಿನಲ್ಲಿಟ್ಟ ನಿಧಿಯಂತೆ. ತರಗತಿಯಲ್ಲಿ ಕಾಗುಣಿತಕ್ಕಾಗಿ ಹೆಣಗುವ ಉಪಾಧ್ಯಾಯರೆಲ್ಲ 2007ರ ಒಂದು ಪ್ರಕರಣವನ್ನು ನೆನಪಿಟ್ಟುಕೊಳ್ಳಬಹುದು. ಆಲ್ಸಪ್ ಎಂಬ ಆಂಗ್ಲ ಬಟ್ಟಿಯವರು 1852ರ ಉತ್ತರಧ್ರುವ ಯಾತ್ರೆಗಾಗಿ ತಯಾರಿಸಿದ ಬಿಯರಿನ ಹಳೆಯ ಸೀಸೆಯೊಂದು ಈಬೇಗೆ ಬಂತು. ಇಂಗ್ಲಿಷಿನಲ್ಲಿ ಆ ಹೆಸರಿನ ಕೊನೆಗೆ ಎರಡು ‘ಪಿ’ ಬರಬೇಕು. ಮಾರುವವನು ಒಂದನ್ನೇ ಬರೆದನು. ಹುಡುಕುವ ಸಂಗ್ರಾಹಕರಿಗೆ ಅದು ಕಾಣಲೇ ಇಲ್ಲ. ಕಂಡವನೊಬ್ಬನು 304 ಡಾಲರಿಗೆ ಕೊಂಡು, ಬಿಟ್ಟುಹೋದ ಅಕ್ಷರವನ್ನು ಸೇರಿಸಿ, ಸೀಸೆಯ ಚರಿತ್ರೆಯನ್ನು ವಿವರವಾಗಿ ಬರೆದು ಮರಳಿ ಹರಾಜಿಗಿಟ್ಟನು. ಸವಾಲು 5,03,300 ಡಾಲರಿಗೆ ಏರಿತು!

ಒಂದು ಅಕ್ಷರಕ್ಕೆ ಐದು ಲಕ್ಷ ಡಾಲರ್ ಎಂದು ಪತ್ರಿಕೆಗಳು ಬಾಯಿ ಚಪ್ಪರಿಸಿದವು. ಕಥೆಯ ಬಾಲವನ್ನು ಹೇಳಿದವರು ಕಡಿಮೆ. ಆ ಸವಾಲು ಹುಸಿಯಾಗಿತ್ತು, ಹಣ ಬರಲಿಲ್ಲ. ಕಾಣದ ಗಿರಾಕಿಯಲ್ಲಿ ಕಾಣದ ಪುಂಡನೂ ಇರುವುದುಂಟು. ಪರದೆಯ ಮೇಲೆ ಮಿನುಗುವ ಅಂಕಿಯು ಹಣವಲ್ಲ. ಹಣ ಖಾತೆಗೆ ಬಂದು ಸೇರುವವರೆಗೆ ವಸ್ತುವನ್ನು ಕಟ್ಟಿಡಬಹುದೇ ಹೊರತು ಕಳುಹಿಸಕೂಡದು. ಹಣ ಹಾಕಿದ್ದೇನೆಂದು ತೋರಿಸುವ ಚಿತ್ರವನ್ನು ನಂಬಿ ವಸ್ತುವನ್ನು ಕೊಟ್ಟು ಕೈ ಹಿಸುಕಿಕೊಂಡವರು ಇಲ್ಲಿಯೂ ಇದ್ದಾರೆ. ಹಣ ಪಡೆಯಲು ಈ ಚೌಕವನ್ನು ದೂರವಾಣಿಗೆ ತೋರಿಸಿ ಗುಪ್ತಸಂಖ್ಯೆ ಒತ್ತಿರಿ ಎಂಬ ಮೋಸವು ಇನ್ನೂ ಸಾಮಾನ್ಯ. ಹಣ ಪಡೆಯುವವನು ಗುಪ್ತಸಂಖ್ಯೆ ಒತ್ತಬೇಕಾಗಿಯೇ ಇಲ್ಲ. ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ.

ವಿವರಣೆಯ ವಿಷಯಕ್ಕೆ ಬಂದರೆ, 2020ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹೊರವಲಯದಲ್ಲಿ ನಡೆದುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಈಸ್ಟ್ ಬ್ರಿಸ್ಟಲ್ ಆಕ್ಷನ್ಸ್ ಎಂಬ ಸಾಧಾರಣ ಹರಾಜು ಸಂಸ್ಥೆಯ ಅಂಚೆಪೆಟ್ಟಿಗೆಯಲ್ಲಿ ವಾರಾಂತ್ಯವೆಲ್ಲ ಲಕೋಟೆಯೊಂದು ಅರ್ಧ ಹೊರಗೆ ಇಣುಕುತ್ತ ನೇತಾಡುತ್ತಿತ್ತು. ಸೋಮವಾರ ತೆರೆದು ನೋಡಿದರೆ ಒಳಗೆ ಚಿನ್ನದ ಬಣ್ಣದ ದುಂಡು ಕನ್ನಡಕ. ಇದು ಗಾಂಧೀಜಿಯವರದು ಎಂಬ ಚೀಟಿ. ಕಳುಹಿಸಿದ ವೃದ್ಧನಿಗೆ ಸಂಸ್ಥೆಯವರು ದೂರವಾಣಿ ಮಾಡಿದಾಗ, ಬೆಲೆಯಿಲ್ಲದಿದ್ದರೆ ಎಸೆದುಬಿಡಿ ಎಂದನಂತೆ. 15,000 ಪೌಂಡ್ ಬರಬಹುದೆಂದು ಹೇಳಿದಾಗ ಅವನ ಎದೆ ನಿಂತಂತಾಯಿತು.

ದುಂಡು ಕನ್ನಡಕಗಳು ಲೋಕದಲ್ಲಿ ಲಕ್ಷಗಟ್ಟಲೆ ಇವೆ. ಗಾಜು, ತಂತಿ, ಮೂಗಿನ ಮೇಲಿನ ಸೇತುವೆ, ಇಷ್ಟೇ. ಈ ಒಂದಕ್ಕೆ ಬೆಲೆ ಕಟ್ಟಿದುದು ಅದರ ಹಿಂದಿನ ಕಥೆ. ಆ ಮನೆತನದ ಚಿಕ್ಕಪ್ಪನೊಬ್ಬನು ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕದಲ್ಲಿ ತೈಲ ಕಂಪನಿಯೊಂದರ ಕೆಲಸದಲ್ಲಿದ್ದನು. ಗಾಂಧೀಜಿ ಅದನ್ನು ಅವನಿಗೆ ಕೊಟ್ಟರೆಂಬುದು ಮನೆಮಾತು. ಮನೆಮಾತನ್ನು ಮಾತ್ರ ನಂಬಿ ಕುಳಿತಿದ್ದರೆ ಸಂಸ್ಥೆಯ ಹೆಸರು ಕೆಡುತ್ತಿತ್ತು. ಅವರು ಕಾಲ, ಸ್ಥಳಗಳು ಹೊಂದುವವೇ ಎಂದು ನೋಡಿದರು. ಗಾಜಿನ ಬಲವನ್ನು ಅಳೆಸಿದರು. ಬಲ ಕಡಿಮೆಯಿದ್ದುದರಿಂದ, ಗಾಂಧೀಜಿ ಧರಿಸಿದ ಮೊದಮೊದಲ ಕನ್ನಡಕಗಳಲ್ಲಿ ಇದೊಂದಾಗಿರಬಹುದು ಎಂಬ ಊಹೆಗೆ ಬಂದರು. ತಿಳಿದುದನ್ನು ತಿಳಿದುದೆಂದೂ, ಮನೆತನದ ಹೇಳಿಕೆಯನ್ನು ಹೇಳಿಕೆಯೆಂದೂ ಬರೆದು ಅಂತರ್ಜಾಲದಲ್ಲಿ ಪ್ರಕಟಿಸಿದರು. ಭಾರತದಿಂದಲೂ ವಿಚಾರಣೆಗಳು ಬಂದವು. ಆಗಸ್ಟ್ 21ರಂದು ಕನ್ನಡಕವು 2,60,000 ಪೌಂಡಿಗೆ ಅಮೆರಿಕದ ಸಂಗ್ರಾಹಕನೊಬ್ಬನ ಪಾಲಾಯಿತು. ಮಗಳೊಂದಿಗೆ ಹಂಚಿಕೊಳ್ಳುತ್ತೇನೆಂದನು ವೃದ್ಧ. ಹಿರಿಯರು ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನು ಆ ಮನೆಯವರು ಮರೆತಿದ್ದರೆ ಅದು ಹಳೆಯ ಕನ್ನಡಕವಾಗಿಯೇ ಕಸದ ಬುಟ್ಟಿಗೆ ಬೀಳುತ್ತಿತ್ತು. ತಾತನ ಪೆಟ್ಟಿಗೆಯಲ್ಲಿರುವುದೇನೆಂದು ತಾತನಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವ ಮನೆಗಳು ಎಷ್ಟಿವೆ?

ವಿವರಣೆಯಲ್ಲಿ ಕುಂದನ್ನು ಮುಚ್ಚಿಡುವುದು ಮಾರುವವರ ಸಹಜ ದೌರ್ಬಲ್ಯ. ಬಿರುಕಿನ ಕಡೆಯನ್ನು ಗೋಡೆಗೆ ತಿರುಗಿಸಿ ಚಿತ್ರ ತೆಗೆಯುತ್ತಾರೆ. ಕುಂದೇ ಗುಣವಾಗುವುದೂ ಉಂಟೆಂದು ಅವರಿಗೆ ಹೊಳೆಯುವುದಿಲ್ಲ. 2019ರ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ದಂಪತಿಗಳ ಅಟ್ಟದಿಂದ ಇಳಿದ ಟಿಪ್ಪು ಸುಲ್ತಾನನ ಕಾಲದ ಆಯುಧಗಳು ಹರಾಜಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೊಬ್ಬನು ಹೊತ್ತುಕೊಂಡು ಹೋದವು ಅವು. ಅವುಗಳಲ್ಲಿ ಬೆಳ್ಳಿಯ ಕೆಲಸದ ಬಂದೂಕೊಂದಿತ್ತು. ಅದಕ್ಕೆ ಯುದ್ಧದಲ್ಲಿ ಬಲವಾದ ಪೆಟ್ಟು ಬಿದ್ದಿತ್ತು. ಹರಾಜಿನವರು ಆ ಗಾಯವನ್ನು ಅರೆದು ನುಣುಪು ಮಾಡಲಿಲ್ಲ. ಅದನ್ನೇ ಎತ್ತಿ ತೋರಿಸಿ ಬರೆದರು. ಬಂಗಾರದ ಕೆಲಸದ ಕತ್ತಿ 18,500 ಪೌಂಡಿಗೆ ನಿಂತರೆ, ಗಾಯಗೊಂಡ ಬಂದೂಕು 60,000 ಪೌಂಡ್ ತಂದಿತು. ಕದನದಲ್ಲಿದ್ದ ಬಂದೂಕೆಂಬುದಕ್ಕೆ ಆ ಪೆಟ್ಟೇ ಸಾಕ್ಷಿಯಾಗಿತ್ತು. ಹಳೆಯ ಗಡಿಯಾರವನ್ನು ಮಾರುವ ಮುನ್ನ ಹೊಳಪು ಕೊಡಿಸಿ, ಹೊಸ ಮುಖಫಲಕ ಹಾಕಿಸಿ, ತನ್ನ ಕೈಯಿಂದಲೇ ಅದರ ಅರ್ಧ ಬೆಲೆ ಕಳೆಯುವ ಗೃಹಸ್ಥರು ಬಂದೂಕಿನ ಈ ಗಾಯವನ್ನು ನೆನೆಯಬೇಕು.

ಮಾರುವವನ ಹೆಸರಿನ ಬೆಲೆಯೆಷ್ಟು? 1996ರ ಆರಂಭದಲ್ಲಿಯೇ ಒಮಿಡ್ಯಾರನು ಕೊಂಡವರೂ ಮಾರಿದವರೂ ಒಬ್ಬರ ಮೇಲೊಬ್ಬರು ಬಹಿರಂಗವಾಗಿ ಅಭಿಪ್ರಾಯ ಬರೆಯುವ ಏರ್ಪಾಡು ಮಾಡಿದ್ದನು. ಹಳ್ಳಿಯ ಕಟ್ಟೆಯ ಮೇಲೆ ಕುಳಿತವರು ‘ಆ ಅಂಗಡಿಯ ತಕ್ಕಡಿ ಸರಿಯಿಲ್ಲ’ ಎನ್ನುವ ಮಾತನ್ನೇ ಯಂತ್ರಕ್ಕೆ ಒಪ್ಪಿಸಿದಂತಾಯಿತು. ಆ ಮಾತಿಗೆ ಹಣದ ಲೆಕ್ಕದಲ್ಲಿ ತೂಕವುಂಟೆ ಎಂದು ಪಾಲ್ ರೆಸ್ನಿಕ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಹಳೆಯ ಚಿತ್ರಕಾರ್ಡುಗಳನ್ನು ಮಾರುವ, ಒಳ್ಳೆಯ ಹೆಸರಿದ್ದ ವ್ಯಾಪಾರಿಯೊಬ್ಬನು ಒಂದೇ ಬಗೆಯ ಕಾರ್ಡುಗಳ ಜೋಡಿ ಕಟ್ಟುಗಳನ್ನು ಮಾಡಿ, ಒಂದನ್ನು ತನ್ನ ಹೆಸರಿನಲ್ಲಿಯೂ ಇನ್ನೊಂದನ್ನು ಯಾರೂ ಕೇಳದ ಹೊಸ ಹೆಸರಿನಲ್ಲಿಯೂ ಮಾರಿದನು. ಅದೇ ಕೈ, ಅದೇ ಸರಕು. ಹಳೆಯ ಹೆಸರಿಗೆ ನೂರಕ್ಕೆ 8.1ರಷ್ಟು ಹೆಚ್ಚು ಬಂತು. ಬೆರಗಿನ ಸಂಗತಿಯೆಂದರೆ, ಹೊಸ ಹೆಸರುಗಳಲ್ಲಿ ಕೆಲವಕ್ಕೆ ಒಂದೆರಡು ಕೆಟ್ಟ ಅಭಿಪ್ರಾಯಗಳಿದ್ದರೂ ಬೆಲೆ ಮತ್ತೆ ಇಳಿಯಲಿಲ್ಲ. ಹೊಸಬನನ್ನು ಜನ ಮೊದಲೇ ಅನುಮಾನಿಸಿ ಬೆಲೆ ತಗ್ಗಿಸಿಯೇ ಇರುತ್ತಾರೆ ಎಂದು ಇದರ ಅರ್ಥವಾಗಿರಬಹುದು. ಸಣ್ಣ ವಸ್ತುಗಳನ್ನು ಮೊದಲು ಮಾರಿ, ನಾಲ್ಕು ಜನರಿಂದ ಹೌದೆನ್ನಿಸಿಕೊಂಡು, ಆಮೇಲೆ ಬೆಲೆಬಾಳುವುದನ್ನು ಹೊರಗೆ ತೆಗೆಯುವವನು ಜಾಣ.

ಆರಂಭದ ಬೆಲೆಯನ್ನು ತಗ್ಗಿಸಿ ಇಡಬೇಕೆ, ಏರಿಸಿ ಇಡಬೇಕೆ ಎಂಬುದು ಮಾರುವವರನ್ನು ನಿದ್ದೆಗೆಡಿಸುವ ಪ್ರಶ್ನೆ. ತಗ್ಗಿಸಿ ಇಟ್ಟರೆ ಜನ ಸೇರುತ್ತಾರೆ. ಜನ ಸೇರಿದ ಕಡೆಗೇ ಇನ್ನಷ್ಟು ಜನ ಬರುತ್ತಾರೆ. ಒಂದು ಸಲ ಸವಾಲು ಹಾಕಿದವನಿಗೆ ವಸ್ತುವು ಆಗಲೇ ತನ್ನದೆಂಬ ಮೋಹ ಹುಟ್ಟುತ್ತದೆ. ಗಿಲಿಯನ್ ಕೂ ಮೊದಲಾದವರು 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಆದರೆ ಜನ ಸೇರದ ಕಡೆ ತಗ್ಗಿನ ಬೆಲೆಯು ತಗ್ಗಿನಲ್ಲಿಯೇ ಉಳಿಯುತ್ತದೆ. ಸಾವಿರ ಜನ ಹುಡುಕುವ ವಸ್ತುವಾದರೆ ಒಂದು ರೂಪಾಯಿಯಿಂದ ಆರಂಭಿಸುವ ಧೈರ್ಯ ಮಾಡಬಹುದು. ಊರಿಗೊಬ್ಬನು ಮೆಚ್ಚುವಂಥದಾದರೆ, ಇದಕ್ಕಿಂತ ಕೆಳಗೆ ಕೊಡಲಾರೆನೆಂಬ ಬೆಲೆಯನ್ನೇ ಮೊದಲು ಬರೆಯುವುದು ಲೇಸು.

ಕೊನೆಯ ಗಳಿಗೆಯ ಸವಾಲು ಇನ್ನೊಂದು ವಿನೋದ. ಈಬೇಯ ಹರಾಜು ಗೊತ್ತಾದ ಕ್ಷಣಕ್ಕೆ ಮುಗಿಯುತ್ತದೆ. ಆದುದರಿಂದ ಜಾಣರು ಕಡೆಯ ಕ್ಷಣದವರೆಗೆ ಸುಮ್ಮನೆ ಕುಳಿತಿದ್ದು ಆಮೇಲೆ ಎರಗುತ್ತಾರೆ. ಅಮೆಜಾನ್ ಸಂಸ್ಥೆಯೂ ಒಂದು ಕಾಲಕ್ಕೆ ಹರಾಜು ನಡೆಸುತ್ತಿತ್ತು. ಅಲ್ಲಿ ಕೊನೆಯಲ್ಲಿ ಸವಾಲು ಬಂದರೆ ಅವಧಿ ಮತ್ತೆ ಹತ್ತು ನಿಮಿಷ ಮುಂದುವರಿಯುತ್ತಿತ್ತು. ಆಲ್ವಿನ್ ರಾಥ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎರಡನ್ನೂ ಹೋಲಿಸಿ 2002ರಲ್ಲಿ ಬರೆದರು: ಈಬೇಯಲ್ಲಿ ಪ್ರಾಚೀನ ವಸ್ತುಗಳ ಹರಾಜುಗಳಲ್ಲಿ ನೂರಕ್ಕೆ 59ರಲ್ಲಿ ಕೊನೆಯ ಸವಾಲು ಕಡೆಯ ಐದು ನಿಮಿಷಗಳಲ್ಲಿ ಬಂದಿತ್ತು, ಅಮೆಜಾನಿನಲ್ಲಿ ನೂರಕ್ಕೆ ಸುಮಾರು ಮೂರರಲ್ಲಿ ಮಾತ್ರ. ಆದುದರಿಂದ ಐದನೆಯ ದಿನ ಸವಾಲು ಬರಲಿಲ್ಲವೆಂದು ಹತಾಶನಾಗಿ ವಸ್ತುವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಹರಾಜು ಮುಗಿಯುವ ಹೊತ್ತು ಮಾತ್ರ ಕೊಳ್ಳುವವರು ಎಚ್ಚರವಾಗಿರುವ ಹೊತ್ತಾಗಿರಬೇಕು.

ಕೆಲವು ಉಪಾಯಗಳು ಫಲ ಕೊಡುತ್ತವೆ, ಆದರೂ ಮೆಚ್ಚುವಂಥವಲ್ಲ. ಆರಂಭದ ಬೆಲೆಯನ್ನು ತೀರ ಇಳಿಸಿ, ಸಾಗಣೆಯ ವೆಚ್ಚವೆಂದು ಹೆಚ್ಚು ವಸೂಲು ಮಾಡುವುದು ಅಂಥದೊಂದು. ಹೊಸೈನ್ ಮತ್ತು ಮಾರ್ಗನ್ ಎಂಬ ಸಂಶೋಧಕರು ಹಾಡಿನ ತಟ್ಟೆಗಳನ್ನೂ ಆಟದ ತಟ್ಟೆಗಳನ್ನೂ ಹೀಗೆ 80 ಹರಾಜುಗಳಲ್ಲಿ ಮಾರಿ ನೋಡಿದರು. ಸಾಗಣೆಯ ವೆಚ್ಚ ಅತಿಯಾಗದಿದ್ದಲ್ಲಿ ಒಟ್ಟು ಆದಾಯ ಹೆಚ್ಚೇ ಬಂದಿತು. ಕೊಳ್ಳುವವರು ಬೆಲೆಯನ್ನು ನೋಡುವಷ್ಟು ಕಣ್ಣಿಟ್ಟು ಸಾಗಣೆಯ ವೆಚ್ಚವನ್ನು ನೋಡುವುದಿಲ್ಲ. ಇದು ಕಾನೂನಿಗೆ ವಿರುದ್ಧವಲ್ಲದಿರಬಹುದು. ಆದರೆ ಹಣ ತೆತ್ತ ಮೇಲೆ ಲೆಕ್ಕ ಹಾಕಿದವನು ಎರಡನೆಯ ಸಲ ಆ ಅಂಗಡಿಗೆ ಬರುವನೆ?

ಇನ್ನೊಂದಕ್ಕೆ ಹೋಲಿಸಿದರೆ ಇದು ಸಣ್ಣ ಪಾಪ. ಭಾವಮೈದುನನ ಹೆಸರಿನಲ್ಲಿಯೋ ಕಲ್ಪಿತ ಹೆಸರಿನಲ್ಲಿಯೋ ತನ್ನ ವಸ್ತುವಿಗೆ ತಾನೇ ಸವಾಲು ಹಾಕಿ ಬೆಲೆ ಏರಿಸುವ ಚಾಳಿ ಹಳೆಯ ಹರಾಜುಕಟ್ಟೆಗಳಲ್ಲಿಯೂ ಇತ್ತು. ಎರಡನೆಯವನ ಸವಾಲೇ ಬೆಲೆಯನ್ನು ನಿರ್ಣಯಿಸುವ ಕಡೆ, ಎರಡನೆಯವನನ್ನು ಸುಳ್ಳಾಗಿ ಸೃಷ್ಟಿಸುವುದೆಂದರೆ ಗೆದ್ದವನ ಜೇಬಿಗೆ ನೇರವಾಗಿ ಕೈಹಾಕಿದಂತೆ. ಹಿಂದೆ ಇದನ್ನು ಹಿಡಿಯುವುದು ಕಷ್ಟವಾಗಿತ್ತು. ಯಂತ್ರವು ಎಲ್ಲದರ ಗುರುತನ್ನೂ ಇಟ್ಟಿರುತ್ತದೆ. 2010ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನ್ಯಾಯಾಲಯವು ಈಬೇಯಲ್ಲಿ ಸಣ್ಣ ಬಸ್ಸೊಂದನ್ನು ಹೀಗೆ ಮಾರಲು ಹೊರಟವನಿಗೆ 5,000 ಪೌಂಡ್ ದಂಡವನ್ನೂ 250 ಗಂಟೆಗಳ ಬಿಟ್ಟಿ ಸೇವೆಯನ್ನೂ ವಿಧಿಸಿತು. ತಿಂಡಿ ಬಿಸಿಮಾಡುವ ಪೆಟ್ಟಿಗೆಗೂ ಅವನು ಬೇರೆ ಹೆಸರಿನಿಂದ ತಾನೇ ಸವಾಲು ಹಾಕಿಕೊಂಡಿದ್ದನಂತೆ!

ಭಾರತದಲ್ಲಿ ಗೃಹಸ್ಥರ ಹರಾಜು ಬೇರೂರಲಿಲ್ಲ. 2000ದಲ್ಲಿ ಮುಂಬಯಿಯಲ್ಲಿ ಆರಂಭವಾದ ಬಾಜೀ ಎಂಬ ತಾಣವನ್ನು 2004ರಲ್ಲಿ ಈಬೇ ಸುಮಾರು ಐದು ಕೋಟಿ ಡಾಲರಿಗೆ ಕೊಂಡಿತು. 2017ರಲ್ಲಿ ಆ ವ್ಯವಹಾರ ಫ್ಲಿಪ್‌ಕಾರ್ಟಿನ ಕೈಸೇರಿತು. 2018ರ ಆಗಸ್ಟ್ 14ರಂದು ಮುಚ್ಚಿತು. ಇಲ್ಲಿಯ ಗಿರಾಕಿಗೆ ಯಂತ್ರದೊಡನೆ ಪೈಪೋಟಿ ನಡೆಸುವುದಕ್ಕಿಂತ ಮಾರುವವನೊಡನೆಯೇ ಚೌಕಾಸಿ ಮಾಡುವುದರಲ್ಲಿ ರುಚಿ ಹೆಚ್ಚು. ಈಗ ಇಲ್ಲಿ ಅಂತರ್ಜಾಲದ ಹರಾಜು ನಡೆಸುವವರಲ್ಲಿ ದೊಡ್ಡವರು ಬ್ಯಾಂಕುಗಳು, ರೈಲ್ವೆ, ಸರಕಾರ. ಪ್ರಧಾನಮಂತ್ರಿಗಳಿಗೆ ಬಂದ ಕಾಣಿಕೆಗಳು 2019ರಿಂದ ಹೀಗೆ ಹರಾಜಾಗಿ ಗಂಗಾನದಿಯ ಶುದ್ಧಿಕಾರ್ಯಕ್ಕೆ ಹಣ ಒದಗಿಸಿವೆ. 2021ರಲ್ಲಿ ನೀರಜ್ ಚೋಪ್ರಾ ಅವರು ಕೊಟ್ಟ ಭರ್ಚಿಯೊಂದೇ ಒಂದೂವರೆ ಕೋಟಿ ರೂಪಾಯಿ ತಂದಿತು.

ಅಂತರ್ಜಾಲದ ಹರಾಜು ಕರ್ನಾಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳುಗಳನ್ನು ಮುಟ್ಟಿರುವುದು ರೈತರ ಮಾರುಕಟ್ಟೆಯಲ್ಲಿ. 2014ರಲ್ಲಿ ರಾಜ್ಯವು ಕೃಷಿ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸಲಾರಂಭಿಸಿತು. ರೈತನು ತಂದ ರಾಶಿಗೆ ಒಂದು ಸಂಖ್ಯೆ ಬೀಳುತ್ತದೆ; ವರ್ತಕರು ಅದಕ್ಕೆ ಒಬ್ಬರ ಸವಾಲು ಇನ್ನೊಬ್ಬರಿಗೆ ಕಾಣದಂತೆ ಗಣಕದಲ್ಲಿಯೇ ಬೆಲೆ ಬರೆಯುತ್ತಾರೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಏರ್ಪಾಡಿನಿಂದ ಭತ್ತಕ್ಕೆ ನೂರಕ್ಕೆ 5.1, ಕಡಲೆಕಾಯಿಗೆ 3.6, ಮುಸುಕಿನ ಜೋಳಕ್ಕೆ 3.5ರಷ್ಟು ಬೆಲೆ ಹೆಚ್ಚಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯವಾದ ಏರಿಕೆ ಕಾಣಲಿಲ್ಲ. ಕೊಳ್ಳುವವರ ಸಂಖ್ಯೆ, ಸಾಗಣೆಯ ತೊಡಕು, ಸವಾಲಿನ ಕ್ರಮ, ಇವೆಲ್ಲ ಒಂದೊಂದು ಬೆಳೆಗೆ ಒಂದೊಂದು ಬಗೆ. ರಾಶಿಯೊಳಗೆ ಕೈಹಾಕಿ ಕಾಳು ಹಿಚುಕಿ ನೋಡಿಯೇ ಬೆಲೆ ಹೇಳುವ ಅಭ್ಯಾಸದ ವರ್ತಕನು ದೂರದ ಊರಿನಿಂದ ಸವಾಲು ಹಾಕಬೇಕಾದರೆ ಅಲ್ಲಿಯೂ ಯಾರದೋ ಮಾತನ್ನು ನಂಬಬೇಕು: ತೇವ ಎಷ್ಟು, ಕಸ ಎಷ್ಟು ಎಂದು ಪರೀಕ್ಷಿಸಿ ಬರೆದವನ ಮಾತನ್ನು.

ಪಟ್ಟಣದ ಮನೆಗಳ ಅಟ್ಟಕ್ಕೆ ಸಂಬಂಧಿಸಿದ ಒಂದು ವಿಷಯ ಬಾಕಿಯಿದೆ. ಬ್ರಿಸ್ಟಲಿನ ಕನ್ನಡಕದ ಕಥೆ ಓದಿದವರಿಗೆ ತಮ್ಮ ದೇವರಮನೆಯ ಪಂಚಲೋಹದ ವಿಗ್ರಹವನ್ನೋ ಅಜ್ಜನ ತಾಳೆಗರಿಯ ಕಟ್ಟನ್ನೋ ವಿದೇಶದ ತಾಣದಲ್ಲಿ ಹರಾಜಿಗಿಡುವ ಯೋಚನೆ ಬರುವುದು ಅಸಹಜವಲ್ಲ. ಭಾರತದಲ್ಲಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯಗಳೂ, ಸಾಹಿತ್ಯದ ಅಥವಾ ಚರಿತ್ರೆಯ ಮೌಲ್ಯವಿರುವ, 75 ವರ್ಷ ದಾಟಿದ ಹಸ್ತಪ್ರತಿಗಳೂ ಅದರ ಅಡಿಯಲ್ಲಿ ಬರುತ್ತವೆ. ಖಾಸಗಿಯವರು ಇವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕಳುಹಿಸಿದರೆ ಸೆರೆಮನೆಯ ಶಿಕ್ಷೆಯುಂಟು. ದೇಶದೊಳಗೆ ಇವುಗಳ ವ್ಯಾಪಾರ ಮಾಡುವುದಕ್ಕೂ ಪರವಾನಗಿ ಬೇಕು. ಶಿಲ್ಪ, ಚಿತ್ರಗಳಂಥ ಕೆಲವು ಬಗೆಗಳನ್ನು ಮನೆಯಲ್ಲಿಟ್ಟುಕೊಂಡವರೂ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಶ್ರೀರಂಗಪಟ್ಟಣದಿಂದ ಬರ್ಕ್‌ಷೈರಿನ ಅಟ್ಟಕ್ಕೆ ಹೋಗಿ ಸೇರಿದ ಬಂದೂಕನ್ನು ಅಲ್ಲಿಯ ದಂಪತಿಗಳು ಲೋಕಕ್ಕೆಲ್ಲ ಸಾರಿ ಮಾರಬಹುದಾಯಿತು. ಅದೇ ಕಾಲದ, ಅದೇ ಊರಿನ ಹಣವೊಂದು ಮೈಸೂರಿನ ಮನೆಯೊಂದರ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಅದನ್ನು ಅಂಚೆಯ ಲಕೋಟೆಯಲ್ಲಿಟ್ಟು ಬ್ರಿಸ್ಟಲಿಗೆ ಕಳುಹಿಸುವುದು ಅಪರಾಧ.